ಕೇಳಿ ತಿಳಿಯದ ಓದುಗನಿಗೊಂದು ಕೈಪಿಡಿ

ಹಲಸೂರು, ಇಂದಿರಾನಗರಗಳನ್ನು ದಾಟಿ ಕೆ.ಆರ್. ಪುರಂನ ಆಚೆಗೆ ಹರಡಿಕೊಂಡಿರುವ ಬೆಂಗಳೂರಿನ ಪೂರ್ವ ಭಾಗಕ್ಕೆ ಮಾಹಿತಿ ತಂತ್ರಜ್ಞಾನದ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ, ಅದೇ ಭಾಗದಲ್ಲಿ ಜೀವವಿಜ್ಞಾನದ ಬಹುದೊಡ್ಡದೊಂದು ಓದಿನ ಕೆಲಸ ನಡೆದಿತ್ತೆಂಬ ಸಂಗತಿ ನಗರದ ನೆನಪಿನಲ್ಲಿ ಅಷ್ಟಾಗಿ ಉಳಿದಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ಅಖಿಲೇಶ್ ಪಾಂಡೆ ಅವರು 2002ರಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ವೈಟ್‌ಫೀಲ್ಡ್‌ನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್‌ನಲ್ಲಿ ನೆಲೆಯೂರಿತು. ಅಲ್ಲಿಯ ಜೀವವಿಜ್ಞಾನ ಪದವೀಧರರು ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರೊಡನೆ ಸೇರಿ ಮನುಷ್ಯ ದೇಹದ ಪ್ರೋಟೀನುಗಳ ಬಗ್ಗೆ ಪ್ರಕಟವಾಗಿದ್ದ ಲೇಖನಗಳನ್ನು ಒಂದೊಂದಾಗಿ ಓದಿ, ಅವುಗಳಲ್ಲಿದ್ದ ಸಂಗತಿಗಳನ್ನು ಹೆಕ್ಕಿ ಒಂದು ದತ್ತಸಂಚಯಕ್ಕೆ, ಅಂದರೆ ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯುವಂತೆ ಜೋಡಿಸಿದ ಮಾಹಿತಿಯ ಭಂಡಾರಕ್ಕೆ, ಸೇರಿಸಿದರು. ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್ ಎಂಬ ಈ ಭಂಡಾರವನ್ನು ಪರಿಚಯಿಸಿದ 2003ರ ಸಂಶೋಧನಾ ಲೇಖನವು, 2,750 ಪ್ರೋಟೀನುಗಳ ವಿವರಕ್ಕಾಗಿ ಮೂರು ಲಕ್ಷಕ್ಕೂ ಹೆಚ್ಚು ಲೇಖನಗಳನ್ನು ಜೀವವಿಜ್ಞಾನಿಗಳು ಸ್ವತಃ ಓದಿ ಅರ್ಥೈಸಿದರೆಂದು ದಾಖಲಿಸುತ್ತದೆ. ಲೇಖನಗಳನ್ನು ಯಂತ್ರವೇ ಓದಿ ಸಾರ ತೆಗೆಯುತ್ತದೆಂಬ ಭರವಸೆ ಇಂದು ಎಲ್ಲೆಡೆ ಕೇಳಿಬರುತ್ತಿರುವಾಗ, ಈ ಅಂಕಿಯನ್ನು ಒಮ್ಮೆ ನಿಧಾನವಾಗಿ ನೋಡುವುದು ಒಳ್ಳೆಯದು.

ಆ ಭಂಡಾರವನ್ನು ಓದಬೇಕಾಗಿದ್ದವರು ಮನುಷ್ಯರು. ಪ್ರಯೋಗಾಲಯದ ವಿದ್ಯಾರ್ಥಿಯೊಬ್ಬರು ಅಲ್ಲಿ ಒಂದು ಪ್ರೋಟೀನಿನ ಪುಟ ತೆರೆದು, ಏನೋ ಸರಿಹೊಂದುತ್ತಿಲ್ಲವೆನಿಸಿದರೆ ಮೂಲ ಲೇಖನಕ್ಕೆ ಹೋಗಿ ನೋಡುತ್ತಿದ್ದರು, ಇಲ್ಲವೇ ಪಕ್ಕದಲ್ಲಿದ್ದ ಹಿರಿಯರನ್ನು ಕೇಳುತ್ತಿದ್ದರು. ಈಗ ಅಂಥದೇ ಭಂಡಾರಗಳ ಬಾಗಿಲಿಗೆ ಬೇರೆ ಬಗೆಯ ಓದುಗ ಬಂದಿದ್ದಾನೆ. ಎಐ ಏಜೆಂಟ್ ಎಂದು ಕರೆಯಲಾಗುವ ಈ ಓದುಗ, ಪ್ರಶ್ನೆಗೆ ಉತ್ತರ ಬರೆದು ಸುಮ್ಮನಾಗುವ ಚಾಟ್‌ಬಾಟ್‌ಗಿಂತ ಭಿನ್ನವಾಗಿ, ಒಪ್ಪಿಸಿದ ಕೆಲಸವನ್ನು ತಾನೇ ಹಂತಗಳಾಗಿ ಒಡೆದುಕೊಂಡು, ಯಾವ ಹಂತದಲ್ಲಿ ಯಾವ ತಂತ್ರಾಂಶವನ್ನು ಬಳಸಬೇಕೆಂದು ತೀರ್ಮಾನಿಸಿ, ಬಂದ ಫಲಿತಾಂಶವನ್ನು ಓದಿಕೊಂಡು ಮುಂದಿನ ಹೆಜ್ಜೆ ಇಡುವ ವ್ಯವಸ್ಥೆ. ಅದರ ಕೈಗೆ ಕೊಡುವ ಒಂದೊಂದು ತಂತ್ರಾಂಶಕ್ಕೂ ಟೂಲ್ ಎಂಬ ಹೆಸರಿದೆ. ವಂಶವಾಹಿಯೊಂದರ, ಅಂದರೆ ಪ್ರೋಟೀನನ್ನೋ ಆರ್‌ಎನ್‌ಎ ಅಣುವನ್ನೋ ತಯಾರಿಸುವ ಸೂಚನೆ ಅಡಗಿರುವ ಡಿಎನ್‌ಎ ತುಣುಕೊಂದರ, ಹೆಸರನ್ನು ಕೊಟ್ಟರೆ ಅದರ ವಿವರವನ್ನು ಹುಡುಕಿ ತರುವ ಟೂಲ್ ಅಂಥವುಗಳಲ್ಲಿ ಒಂದು. ಇಂಥ ಟೂಲ್‌ಗಳನ್ನು ಏಜೆಂಟಿಗೆ ಜೋಡಿಸುವ ಏಕರೂಪದ ವಿಧಾನವೊಂದನ್ನು ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಆ ವಿಧಾನದಲ್ಲಿ ಪ್ರತಿ ಟೂಲ್ ತನ್ನ ಹೆಸರು, ತನಗೆ ಬೇಕಾದ ಮಾಹಿತಿಯ ಸ್ವರೂಪ, ಮತ್ತು ಸಾಮಾನ್ಯ ಭಾಷೆಯಲ್ಲಿ ಬರೆದ ಒಂದು ವಿವರಣೆ ಇವುಗಳೊಂದಿಗೆ ಏಜೆಂಟಿನ ಮುಂದೆ ನಿಲ್ಲುತ್ತದೆ. ಒಳಗಿನ ತಂತ್ರಾಂಶ ಹೇಗೆ ಬರೆಯಲ್ಪಟ್ಟಿದೆಯೆಂಬುದು ಏಜೆಂಟಿಗೆ ಕಾಣುವುದಿಲ್ಲವಾದ್ದರಿಂದ, ಅದರ ಪಾಲಿಗೆ ಆ ವಿವರಣೆಯೇ ಟೂಲ್. ಮನುಷ್ಯರಿಗಾಗಿ ಬರೆದ ಕೈಪಿಡಿಯನ್ನು ಓದದೆಯೂ ಕೆಲಸ ಸಾಗಿಸಬಹುದಿತ್ತು, ಬಹಳ ಮಂದಿ ಹಾಗೆಯೇ ಸಾಗಿಸಿದ್ದಾರೆ ಕೂಡ. ಇಲ್ಲಿ ಆ ಅವಕಾಶವಿಲ್ಲ.

ಏಜೆಂಟಿನೊಳಗಿರುವ ಭಾಷಾ ಮಾದರಿಯು ಅಪಾರ ಪಠ್ಯವನ್ನು ಓದಿಯೇ ತಯಾರಾಗಿರುವಾಗ ಪ್ರತ್ಯೇಕವಾಗಿ ಹುಡುಕಿ ನೋಡುವ ಅಗತ್ಯವೇನೆಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಜೀನ್‌ಜಿಪಿಟಿ ಎಂಬ ಅಧ್ಯಯನ ಸ್ಪಷ್ಟ ಉತ್ತರ ಕೊಟ್ಟಿತು. ಜೀನ್‌ಟ್ಯೂರಿಂಗ್ ಎಂಬ ಪ್ರಶ್ನಾವಳಿಯ ಹಲವು ಬಗೆಯ ಪ್ರಶ್ನೆಗಳಿಗೆ ನೆನಪಿನಿಂದಲೇ ಉತ್ತರಿಸಿದ ಅಂದಿನ ಚಾಟ್‌ಜಿಪಿಟಿ ಪೂರ್ಣಾಂಕ 1ಕ್ಕೆ ಸರಾಸರಿ 0.12 ಅಂಕ ಗಳಿಸಿದರೆ, ಸರ್ಕಾರಿ ದತ್ತಸಂಚಯಗಳನ್ನು ತಾನೇ ವಿಚಾರಿಸಿ ಉತ್ತರಿಸುವಂತೆ ಕಲಿಸಲಾದ ಭಾಷಾ ಮಾದರಿ 0.83 ಗಳಿಸಿತು. ಆಮೇಲಿನ ಮಾದರಿಗಳು ಬಹಳ ಸುಧಾರಿಸಿವೆಯಾದರೂ ಕಾರಣ ಮಾತ್ರ ಬದಲಾಗಿಲ್ಲ: ವಂಶವಾಹಿಯ ಗುರುತಿನ ಸಂಖ್ಯೆ, ವರ್ಣತಂತುವಿನ ಮೇಲೆ ಅದಿರುವ ಸ್ಥಾನ ಇಂಥವು ತರ್ಕದಿಂದ ಊಹಿಸಿ ತಿಳಿಯುವ ಸಂಗತಿಗಳಲ್ಲ, ಒಂದು ಅಂಕಿ ತಪ್ಪಿದರೂ ಪೂರ್ತಿ ತಪ್ಪಾಗುವ ಸಂಗತಿಗಳು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಕೈಪಿಡಿ ಬರೆಯುವವರಿಗೆ ಹೆಚ್ಚು ಮುಖ್ಯ. ಟೂಲ್ ಹೇಗೆ ಕೆಲಸ ಮಾಡುತ್ತದೆಂಬ ವಿವರಣೆಗಿಂತ, ಅದನ್ನು ಬಳಸಿ ಪೂರ್ತಿ ಮಾಡಿ ತೋರಿಸಿದ ಉದಾಹರಣೆಗಳೇ ಭಾಷಾ ಮಾದರಿಗೆ ಹೆಚ್ಚು ಉಪಯುಕ್ತವಾದವೆಂದು ಸಂಶೋಧಕರು ಕಂಡುಕೊಂಡರು. ಇದರಿಂದ ವಿವರಣೆಯೇ ಬೇಡವೆಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಆದರೆ ಒಂದು ನಿಜವಾದ ಪ್ರಶ್ನೆ, ಅದಕ್ಕಾಗಿ ಕಳುಹಿಸಿದ ಕೋರಿಕೆ, ಹಿಂದಿರುಗಿ ಬಂದ ಉತ್ತರ ಇವು ಮೂರನ್ನೂ ಜೊತೆಯಾಗಿ ತೋರಿಸದ ಕೈಪಿಡಿ ಅರ್ಧ ಕೈಪಿಡಿಯೆಂದು ಧಾರಾಳವಾಗಿ ಹೇಳಬಹುದು. ಯಾವ ಉದಾಹರಣೆಗಳನ್ನು ಆರಿಸಬೇಕೆಂಬಲ್ಲಿ ಬರೆಯುವವರ ಜೀವವಿಜ್ಞಾನದ ತಿಳಿವಳಿಕೆ ಪರೀಕ್ಷೆಗೊಳಗಾಗುತ್ತದೆ, ಏಕೆಂದರೆ ಸುಲಭದ ಉದಾಹರಣೆಗಳು ಯಾರಿಗೂ ಏನನ್ನೂ ಕಲಿಸುವುದಿಲ್ಲ.

ದಕ್ಷಿಣ ಭಾರತಕ್ಕೆ ಹತ್ತಿರದ, ಹಾಗೂ ತಕ್ಕಷ್ಟು ತೊಡಕಿನ ಉದಾಹರಣೆಯೊಂದು ಬಿಸಿಎಚ್‌ಇ ಎಂಬ ವಂಶವಾಹಿಯದು. ಮೂರನೆಯ ವರ್ಣತಂತುವಿನಲ್ಲಿರುವ ಇದು ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ; ದೈನಂದಿನ ಬದುಕಿನಲ್ಲಿ ಈ ಕಿಣ್ವದ ಕೊರತೆ ಇರುವವರಿಗೆ ಅದು ಇರುವುದೇ ತಿಳಿಯುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ಉಸಿರಾಟದ ಕೊಳವೆ ಹಾಕಲು ಸ್ನಾಯುಗಳನ್ನು ಸಡಿಲಗೊಳಿಸುವ ಸಕ್ಸಿನಿಲ್‌ಕೋಲಿನ್ ಎಂಬ ಔಷಧವನ್ನು, ಅಂದರೆ ಅರಿವಳಿಕೆ ತಜ್ಞರ ಮಾತಿನಲ್ಲಿ ಸ್ಕೋಲಿನನ್ನು, ಕರಗಿಸುವುದು ಇದೇ ಕಿಣ್ವವಾದ್ದರಿಂದ, ಸಾಮಾನ್ಯರಲ್ಲಿ ಕೆಲವು ನಿಮಿಷಗಳಲ್ಲಿ ಇಳಿಯಬೇಕಾದ ಔಷಧದ ಪ್ರಭಾವ ಕೊರತೆಯುಳ್ಳವರಲ್ಲಿ ಗಂಟೆಗಟ್ಟಲೆ ಉಳಿದು, ಅಷ್ಟು ಹೊತ್ತೂ ಯಂತ್ರದ ನೆರವಿನಿಂದ ಉಸಿರಾಡಿಸಬೇಕಾಗುತ್ತದೆ. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ನೆಲೆಸಿರುವ ವೈಶ್ಯ ಸಮುದಾಯದಲ್ಲಿ ಈ ಕೊರತೆ ಇತರ ಗುಂಪುಗಳಿಗಿಂತ ಸುಮಾರು ನೂರು ಪಟ್ಟು ಹೆಚ್ಚೆಂದು 2017ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದ, ದಕ್ಷಿಣ ಏಷ್ಯಾದ ಗುಂಪುಗಳ ವಂಶವಾಹಿ ಚರಿತ್ರೆಯ ಕುರಿತ ಲೇಖನವೊಂದು ಹೇಳುತ್ತದೆ. ಒಳಮದುವೆಯ ಪದ್ಧತಿಯಿಂದ ಹಳೆಯ ಪೂರ್ವಿಕರ ಒಂದು ಬದಲಾವಣೆ ತಲೆಮಾರುಗಳುದ್ದಕ್ಕೂ ಗುಂಪಿನೊಳಗೇ ಉಳಿದುಬರುವ ಈ ವಿದ್ಯಮಾನ ಈ ದೇಶದ ಅನೇಕ ಸಮುದಾಯಗಳಿಗೆ ಸಾಮಾನ್ಯವಾದುದು. ಕಾಯಿಲೆ ಮಾತ್ರ ಒಂದೊಂದು ಕಡೆ ಒಂದೊಂದು.

ಶಿವಾಜಿನಗರದ ಬೌರಿಂಗ್‌ನಂಥ ಆಸ್ಪತ್ರೆಯೊಂದರ ಅರಿವಳಿಕೆ ತಜ್ಞರು ಈ ವಿಷಯದಲ್ಲಿ ಒಂದು ಟಿಪ್ಪಣಿ ಸಿದ್ಧಪಡಿಸುವಂತೆ ಏಜೆಂಟೊಂದಕ್ಕೆ ಒಪ್ಪಿಸಿದರೆಂದು, ಅವರು ಕೊಟ್ಟ ಹಳೆಯ ಲೇಖನದಲ್ಲಿ ವಂಶವಾಹಿಯ ಹೆಸರು ಸಿಎಚ್‌ಇ1 ಎಂದಿತ್ತೆಂದು ಭಾವಿಸಬಹುದು. ಸಿಎಚ್‌ಇ1 ಎಂಬುದು ಬಿಸಿಎಚ್‌ಇಯ ಹಿಂದಿನ ಹೆಸರೇ. ತೊಡಕೆಂದರೆ, ಹದಿನೇಳನೆಯ ವರ್ಣತಂತುವಿನಲ್ಲಿರುವ, ಜೀವಕೋಶದ ಸಾವನ್ನು ತಡೆಯುವ ಕೆಲಸದಲ್ಲಿ ಪಾಲುಳ್ಳ ಎಎಟಿಎಫ್ ಎಂಬ ಬೇರೊಂದು ವಂಶವಾಹಿಗೂ ಸಿಎಚ್‌ಇ1 ಎಂಬ ಅಡ್ಡಹೆಸರಿದೆ. ಟೂಲ್ ಹಳೆಯ ಹೆಸರುಗಳಲ್ಲೂ ಅಡ್ಡಹೆಸರುಗಳಲ್ಲೂ ಹುಡುಕಿ, ಮೊದಲು ಸಿಕ್ಕಿದ್ದನ್ನು ಹಿಂದಿರುಗಿಸಿದರೆ, ಏಜೆಂಟ್ ಎಎಟಿಎಫ್‌ನ ವಿವರಗಳ ಮೇಲೆ ಅರಿವಳಿಕೆಯ ಟಿಪ್ಪಣಿಯನ್ನು ಕಟ್ಟುವ ಸಾಧ್ಯತೆಯಿದೆ. ಬರವಣಿಗೆ ಸರಾಗವಾಗಿರುವುದರಿಂದ ಓದಿದವರಿಗೆ ಸಂಶಯವೂ ಹುಟ್ಟದು. ಕೈಪಿಡಿ ಇಲ್ಲಿ ಹೇಳಬೇಕಾದದ್ದು ಸ್ಪಷ್ಟ: ಹುಡುಕಾಟ ಇಂದಿನ ಅಧಿಕೃತ ಹೆಸರಿನ ಮೇಲೋ, ಹಳೆಯ ಹೆಸರಿನ ಮೇಲೋ, ಅಡ್ಡಹೆಸರಿನ ಮೇಲೋ, ಒಂದಕ್ಕಿಂತ ಹೆಚ್ಚು ಹೊಂದಿಕೆಗಳಿದ್ದರೆ ಎಲ್ಲವನ್ನೂ ಕೊಡಲಾಗುತ್ತದೆಯೋ ಇಲ್ಲವೋ, ಮತ್ತು ಹಾಗೆ ಹಲವು ಬಂದಾಗ ಏಜೆಂಟ್ ತಾನೇ ಒಂದನ್ನು ಆರಿಸದೆ ಕೇಳಿದವರಿಗೆ ತಿಳಿಸಬೇಕೋ. ಹೆಸರಿನ ಗೊಂದಲದಿಂದ ಪಾರಾಗಲೆಂದೇ ದತ್ತಸಂಚಯಗಳು ಪ್ರತಿ ವಂಶವಾಹಿಗೂ ಬದಲಾಗದ ಸಂಖ್ಯೆಯೊಂದನ್ನು ಕೊಟ್ಟಿವೆ. ಅಮೆರಿಕದ ಎನ್‌ಸಿಬಿಐ ಭಂಡಾರದಲ್ಲಿ ಬಿಸಿಎಚ್‌ಇಯ ಸಂಖ್ಯೆ 590, ಯೂನಿಪ್ರಾಟ್ ಎಂಬ ಪ್ರೋಟೀನ್ ಭಂಡಾರದಲ್ಲಿ ಅದರ ಪ್ರೋಟೀನಿನ ಗುರುತು ಪಿ06276. ಹೆಸರನ್ನು ಒಮ್ಮೆ ಸಂಖ್ಯೆಗೆ ಬದಲಿಸಿಕೊಂಡ ಮೇಲೆ ಉಳಿದ ಎಲ್ಲ ಹಂತಗಳಲ್ಲಿಯೂ ಸಂಖ್ಯೆಯನ್ನೇ ಬಳಸಬೇಕೆಂಬ ಒಂದು ವಾಕ್ಯ ಕೈಪಿಡಿಯ ಆರಂಭದಲ್ಲಿಯೇ ಇದ್ದರೆ ಅರ್ಧದಷ್ಟು ಅನಾಹುತ ಅಲ್ಲಿಗೇ ತಪ್ಪುತ್ತದೆ.

ಬಿಸಿಎಚ್‌ಇಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ವೈಶ್ಯ ಸಮುದಾಯದಲ್ಲಿ ಗುರುತಿಸಲಾದ ಬದಲಾವಣೆಗೆ ಸಂಶೋಧನಾ ಲೇಖನಗಳಲ್ಲಿ ಎಲ್307ಪಿ ಎಂಬ ಹೆಸರಿದೆ: ಪ್ರೋಟೀನ್ ಎಂಬ ಅಮೈನೊ ಆಮ್ಲಗಳ ಸರಣಿಯಲ್ಲಿ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದಿದೆಯೆಂದು ಅದರರ್ಥ. ಆದರೆ ಈ ಪ್ರೋಟೀನ್ ಮೊದಲು ತಯಾರಾಗುವಾಗ ಅದರ ತುದಿಯಲ್ಲಿ 28 ಅಮೈನೊ ಆಮ್ಲಗಳ ಒಂದು ತುಣುಕಿದ್ದು, ಜೀವಕೋಶದಿಂದ ಹೊರಹೋಗುವ ದಾರಿಯಲ್ಲಿ ಅದು ಕತ್ತರಿಸಿ ಹೋಗುತ್ತದೆ. ಹಳೆಯ ಲೇಖಕರು ಕತ್ತರಿಸಿದ ನಂತರದ ಸರಣಿಯಿಂದ ಎಣಿಸಿದರೆ, ಇಂದಿನ ನಿಯಮ ಮೊದಲ ಆಮ್ಲದಿಂದಲೇ ಎಣಿಸಬೇಕೆನ್ನುತ್ತದೆ. ಹೀಗಾಗಿ ಅದೇ ಬದಲಾವಣೆ ಇಂದಿನ ದತ್ತಸಂಚಯಗಳಲ್ಲಿ 335ನೆಯ ಸ್ಥಾನದಲ್ಲಿರುತ್ತದೆ. 307 ಎಂದು ಕೇಳಿದ ಏಜೆಂಟಿಗೆ ಟೂಲ್ ಏನೂ ಸಿಗಲಿಲ್ಲವೆಂದು ಹೇಳಬಹುದು, ಅದಕ್ಕಿಂತ ಕೆಟ್ಟದಾಗಿ ಸಂಬಂಧವಿಲ್ಲದ ಬೇರೊಂದು ಬದಲಾವಣೆಯನ್ನು ಕೊಡಬಹುದು. ಈ ವಿಷಯ ತಿಳಿದ ಜೀವರಸಾಯನ ವಿಜ್ಞಾನಿ 28ನ್ನು ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಾರೆ. ಏಜೆಂಟಿಗೆ ಎಣಿಕೆ ಎಲ್ಲಿಂದ ಆರಂಭವಾಗುತ್ತದೆಂದು ಬರೆದೇ ತಿಳಿಸಬೇಕು. ಇದೇ ಜಾತಿಯ ತೊಡಕುಗಳು ಇನ್ನೂ ಇವೆ. ವರ್ಣತಂತುವಿನ ಮೇಲಿನ ಸ್ಥಾನವನ್ನು ಹೇಳುವಾಗ ಕೆಲವು ಕಡತ ಮಾದರಿಗಳು ಎಣಿಕೆಯನ್ನು 0ಯಿಂದಲೂ ಕೆಲವು 1ರಿಂದಲೂ ಆರಂಭಿಸುತ್ತವೆ. 2009ರಲ್ಲಿ ಬಂದ ಮಾನವ ಜೀನೋಮಿನ, ಅಂದರೆ ಮನುಷ್ಯನ ಪೂರ್ತಿ ಡಿಎನ್‌ಎ ಸರಣಿಯ, ಆಧಾರ ಪಾಠಕ್ಕೂ 2013ರ ಕೊನೆಯಲ್ಲಿ ಬಂದ ಪಾಠಕ್ಕೂ ಸ್ಥಾನದ ಅಂಕಿಗಳು ಬೇರೆಬೇರೆಯಾಗಿದ್ದು, ಎರಡೂ ಇಂದಿಗೂ ಬಳಕೆಯಲ್ಲಿವೆ. ಮನುಷ್ಯನ ವಂಶವಾಹಿಯ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲೂ ಇಲಿಯದನ್ನು ಮೊದಲಕ್ಷರ ಮಾತ್ರ ದೊಡ್ಡದಾಗಿಯೂ ಬರೆಯುವುದು ರೂಢಿ. ಅಕ್ಷರಗಳ ಗಾತ್ರ ಗಮನಿಸದ ಟೂಲ್ ಇಲಿಯ ಮಾಹಿತಿಯನ್ನು ಮನುಷ್ಯನದೆಂದು ಒಪ್ಪಿಸುವುದು ಕಷ್ಟವೇನಲ್ಲ.

ಹೆಸರುಗಳ ಗೊಂದಲಕ್ಕೆ ಯಂತ್ರವೇ ಕಾರಣವಾದ ಪ್ರಸಂಗವೂ ಉಂಟು. ಎಸ್‌ಇಪಿಟಿ1, ಎಂಎಆರ್‌ಸಿಎಚ್1 ಮುಂತಾದ ವಂಶವಾಹಿಗಳ ಹೆಸರನ್ನು ಎಕ್ಸೆಲ್ ತಂತ್ರಾಂಶ ಸೆಪ್ಟೆಂಬರ್ ಒಂದು, ಮಾರ್ಚ್ ಒಂದು ಎಂಬ ದಿನಾಂಕಗಳಾಗಿ ತಿದ್ದಿಬಿಡುತ್ತಿದ್ದುದರಿಂದ, ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ಅಂಥ 27 ವಂಶವಾಹಿಗಳ ಹೆಸರನ್ನೇ ಬದಲಾಯಿಸಿತೆಂದು 2020ರಲ್ಲಿ ವರದಿಯಾಯಿತು. ತಂತ್ರಾಂಶ ತಿದ್ದಿಕೊಳ್ಳುವ ಬದಲು ವಿಜ್ಞಾನವೇ ತಲೆಬಾಗಿದ ಈ ಪ್ರಸಂಗ ನಗು ತರಿಸುವಂಥದ್ದಾದರೂ, ಹಳೆಯ ಕೋಷ್ಟಕಗಳಲ್ಲಿ ಆ ದಿನಾಂಕಗಳು ಇನ್ನೂ ಹಾಗೆಯೇ ಕೂತಿವೆ.

ಕೈಪಿಡಿಗಳಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೊಳಗಾಗುವುದು ಖಾಲಿ ಉತ್ತರದ ಅರ್ಥ. ಟೂಲ್ ಏನನ್ನೂ ಹಿಂದಿರುಗಿಸದಿದ್ದಾಗ ಅದಕ್ಕೆ ಹಲವು ಕಾರಣಗಳಿರಬಹುದು: ಹೆಸರು ತಪ್ಪಾಗಿರಬಹುದು, ಸರ್ವರ್ ಕೈಕೊಟ್ಟಿರಬಹುದು, ಎನ್‌ಸಿಬಿಐನಂಥ ಭಂಡಾರಗಳು ನೋಂದಣಿಯಿಲ್ಲದವರಿಗೆ ಸೆಕೆಂಡಿಗೆ ಮೂರು ಕೋರಿಕೆ, ನೋಂದಣಿಯ ಕೀಲಿ ಇದ್ದವರಿಗೆ ಹತ್ತು ಎಂದು ವಿಧಿಸಿರುವ ಮಿತಿಯನ್ನು ಮೀರಿದ್ದರಿಂದ ಬಾಗಿಲು ಮುಚ್ಚಿರಬಹುದು, ಇಲ್ಲವೇ ನಿಜಕ್ಕೂ ಆ ಬಗ್ಗೆ ಯಾರೂ ಏನನ್ನೂ ಕಂಡುಹಿಡಿಯದೆ ಇರಬಹುದು. ಈ ಕೊನೆಯ ಕಾರಣವೊಂದನ್ನು ಬಿಟ್ಟರೆ ಉಳಿದವುಗಳಿಗೂ ಜೀವವಿಜ್ಞಾನಕ್ಕೂ ಸಂಬಂಧವಿಲ್ಲ, ಆದರೂ ನಾಲ್ಕೂ ಒಂದೇ ಖಾಲಿ ಆವರಣವಾಗಿ ಹಿಂದಿರುಗಿದರೆ ಏಜೆಂಟ್ ಎಲ್ಲವನ್ನೂ "ಇಲ್ಲ" ಎಂದೇ ಓದುತ್ತದೆ. ನಿಜಕ್ಕೂ ಏನೂ ಕಂಡಿಲ್ಲವೆಂಬ ಉತ್ತರಕ್ಕೂ ಮಿತಿಗಳಿವೆಯೆಂಬುದಕ್ಕೆ ವೈಟ್‌ಫೀಲ್ಡ್‌ನ ಸಂಸ್ಥೆಯ ಇನ್ನೊಂದು ಕೆಲಸವೇ ಸಾಕ್ಷಿ. ಆ ಸಂಸ್ಥೆ ಮತ್ತು ಜಾನ್ಸ್ ಹಾಪ್ಕಿನ್ಸ್‌ನ ವಿಜ್ಞಾನಿಗಳ ತಂಡ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಮಾನವ ಪ್ರೋಟೀನುಗಳ ಕರಡು ನಕ್ಷೆಯು, ವಯಸ್ಕರ ಹಾಗೂ ಭ್ರೂಣದ ಅಂಗಾಂಶಗಳು ಮತ್ತು ರಕ್ತಕಣಗಳಿಂದ ತೆಗೆದ 30 ಬಗೆಯ ಮಾದರಿಗಳನ್ನು ಪರೀಕ್ಷಿಸಿ, 17,294 ವಂಶವಾಹಿಗಳ ಪ್ರೋಟೀನುಗಳನ್ನು, ಎಂದರೆ ಅಂದು ತಿಳಿದಿದ್ದ ಪ್ರೋಟೀನ್ ವಂಶವಾಹಿಗಳಲ್ಲಿ ಸುಮಾರು ಶೇ 84ರಷ್ಟನ್ನು, ಗುರುತಿಸಿತು. ಉಳಿದ ಶೇ 16ರಲ್ಲಿ ಒಂದರ ಬಗ್ಗೆ ಆ ನಕ್ಷೆಯನ್ನು ಕೇಳಿದರೆ ಬರುವ ಖಾಲಿ ಉತ್ತರಕ್ಕೆ, ಈ 30 ಮಾದರಿಗಳಲ್ಲಿ ಆ ವಿಧಾನಕ್ಕೆ ಸಿಗಲಿಲ್ಲವೆಂದಷ್ಟೇ ಅರ್ಥ. ತುಂಬಿದ ಉತ್ತರವೂ ಅಂತಿಮವಲ್ಲ: ಮೂಗಿನ ಅಂಗಾಂಶವನ್ನು ಪರೀಕ್ಷಿಸದೆಯೇ ವಾಸನೆ ಗ್ರಹಿಸುವ ಪ್ರೋಟೀನುಗಳು ಕಂಡವೆಂಬ ಅಂಶವನ್ನು, ಆ ನಕ್ಷೆಯಲ್ಲಿಯೂ ಅದೇ ಸಂಚಿಕೆಯಲ್ಲಿ ಬಂದ ಜರ್ಮನಿಯ ತಂಡದ ನಕ್ಷೆಯಲ್ಲಿಯೂ, ಅದೇ ವರ್ಷ ಬೇರೆ ವಿಜ್ಞಾನಿಗಳು ಪ್ರಶ್ನಿಸಿದರು. ವಿಜ್ಞಾನದಲ್ಲಿ ಇದು ಆರೋಗ್ಯಕರ ನಡವಳಿಕೆ. ಆದರೆ ಮೂಲ ಅಂಕಿಅಂಶ ಟೂಲ್‌ನೊಳಗೆ ಸೇರಿ, ಟೀಕೆ ಹೊರಗೇ ಉಳಿದರೆ, ಏಜೆಂಟಿಗೆ ಕಾಣುವ ವಿಜ್ಞಾನ ಅರ್ಧದ್ದೇ.

2003ರ ಭಂಡಾರದ ಟಿಪ್ಪಣಿಕಾರರು ಮಾಡಿದ ಒಂದು ಏರ್ಪಾಡು ಇಲ್ಲಿ ಮಾದರಿಯಾಗಬಲ್ಲದು. ಎರಡು ಪ್ರೋಟೀನುಗಳು ಪರಸ್ಪರ ಕೂಡಿ ಕೆಲಸ ಮಾಡುತ್ತವೆಂದು ಬರೆಯುವಾಗ ಅವರು ಅದು ಜೀವಕೋಶದೊಳಗೆ ಕಂಡದ್ದೋ, ಪ್ರನಾಳದಲ್ಲಿ ಕಂಡದ್ದೋ, ಅಥವಾ ಯೀಸ್ಟ್ ಕೋಶಗಳನ್ನು ಬಳಸಿ ಜೋಡಿ ಹುಡುಕುವ ವಿಧಾನದಿಂದ ಕಂಡದ್ದೋ ಎಂಬುದನ್ನು ಪ್ರತ್ಯೇಕವಾಗಿ ನಮೂದಿಸಿ, ಆಧಾರ ಲೇಖನದ ಕೊಂಡಿಯನ್ನೂ ಸೇರಿಸುತ್ತಿದ್ದರು. ಯೀಸ್ಟ್ ವಿಧಾನದಲ್ಲಿ ಸುಳ್ಳು ಜೋಡಿಗಳು ಹೆಚ್ಚೆಂಬುದು ಕ್ಷೇತ್ರದವರಿಗೆ ಗೊತ್ತಿರುವ ಮಾತಾಗಿದ್ದರಿಂದ, ಓದುಗರು ಆ ನಮೂದನ್ನು ನೋಡಿಯೇ ಎಷ್ಟು ನಂಬಬೇಕೆಂದು ಅಳೆಯುತ್ತಿದ್ದರು. ಏಜೆಂಟಿಗಾಗಿ ತಯಾರಿಸುವ ಟೂಲ್‌ಗಳು ಉತ್ತರವನ್ನು ಚಿಕ್ಕದಾಗಿಸುವ ಭರದಲ್ಲಿ ಮೊದಲು ಕಿತ್ತುಹಾಕುವುದು ಇಂಥ ನಮೂದುಗಳನ್ನೇ. ಚಿಕ್ಕದಾಗಿಸುವುದಕ್ಕೆ ಕಾರಣವಿಲ್ಲದಿಲ್ಲ, ಭಾಷಾ ಮಾದರಿ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ, ಮತ್ತು ಪ್ರಸಿದ್ಧ ವಂಶವಾಹಿಯೊಂದರ ಪೂರ್ಣ ವಿವರ ಆ ಮಿತಿಯ ದೊಡ್ಡ ಪಾಲನ್ನು ನುಂಗಬಲ್ಲದು. ಆದರೂ ಯಾವ ಪ್ರಯೋಗದಿಂದ, ಯಾವ ಲೇಖನದಿಂದ ಬಂದ ಮಾತೆಂಬ ಎರಡು ನಮೂದುಗಳನ್ನು ಉಳಿಸಿಕೊಂಡು, ಉಳಿದದ್ದನ್ನು ಕೇಳಿದಾಗ ಮಾತ್ರ ಕೊಡುವುದು ಕಷ್ಟದ ಕೆಲಸವಲ್ಲ.

ಒಂದು ಬದಲಾವಣೆ ಜನರಲ್ಲಿ ಎಷ್ಟು ಸಾಮಾನ್ಯವೆಂದು ಹೇಳುವ ಟೂಲ್‌ಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಜಗತ್ತಿನ ದೊಡ್ಡ ಸಂಗ್ರಹಗಳು ದಕ್ಷಿಣ ಏಷ್ಯಾದವರನ್ನೆಲ್ಲ ಒಂದೇ ಹೆಸರಿನಡಿ ಸೇರಿಸಿ ಸರಾಸರಿ ಕೊಡುವುದರಿಂದ, ಒಂದು ಸಮುದಾಯದಲ್ಲಿ ಪದೇ ಪದೇ ಕಾಣುವ ಎಲ್307ಪಿಯಂಥದು ಆ ಸರಾಸರಿಯಲ್ಲಿ ಕರಗಿ ಅಪರೂಪದ್ದೆಂದು ತೋರುತ್ತದೆ. ಈ ಕೊರತೆಯನ್ನು ತುಂಬಲೆಂದು 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಸಂಯೋಜಿಸಿತು. ಇಪ್ಪತ್ತು ಸಂಸ್ಥೆಗಳು ಸೇರಿ ಓದಿದ ಹತ್ತು ಸಾವಿರ ಭಾರತೀಯರ ಜೀನೋಮ್ ದತ್ತಾಂಶವನ್ನು 2025ರ ಜನವರಿ 9ರಂದು ಸಂಶೋಧಕರಿಗೆ ಲಭ್ಯವಾಗಿಸಲಾಗಿದ್ದು, ಅದು ಫರೀದಾಬಾದ್‌ನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ. ಆ ದತ್ತಾಂಶ ಅರ್ಜಿ ಸಲ್ಲಿಸಿ ಅನುಮತಿ ಪಡೆದವರಿಗೆ ಮಾತ್ರ ತೆರೆದುಕೊಳ್ಳುತ್ತದೆ. ಅನುಮತಿ ಪಡೆದ ಸಂಶೋಧಕರ ಪರವಾಗಿ ಕೆಲಸ ಮಾಡುವ ಏಜೆಂಟ್ ಅಲ್ಲಿ ಕಂಡದ್ದನ್ನು ಬೇರೊಂದು ಸಾರ್ವಜನಿಕ ಟೂಲ್‌ಗೆ ಪ್ರಶ್ನೆಯಾಗಿ ಕಳುಹಿಸಿದರೂ ಸಾಕು, ಅನುಮತಿಯ ಗಡಿ ದಾಟಿದಂತಾಗುತ್ತದೆ. ಏಕೆಂದರೆ ಕಳುಹಿಸಿದ ಪ್ರಶ್ನೆಯೂ ಒಂದು ಮಾಹಿತಿ. ಆದ್ದರಿಂದ ತನಗೆ ಬಂದ ಕೋರಿಕೆ ಯಾವ ದೇಶದ, ಯಾರ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ದಾಖಲಾಗಿ ಉಳಿಯುತ್ತದೆಯೇ, ರೋಗಿಯೊಬ್ಬರ ವಿವರವನ್ನು ಅದರಲ್ಲಿ ಸೇರಿಸಬಹುದೇ ಎಂಬುದನ್ನು ಟೂಲ್‌ನ ವಿವರಣೆ ಮೊದಲ ಸಾಲುಗಳಲ್ಲಿಯೇ ಹೇಳಬೇಕಾಗುತ್ತದೆ. ಇಂದಿರಾನಗರದಿಂದ ವೈಟ್‌ಫೀಲ್ಡ್‌ವರೆಗಿನ ಕಚೇರಿಗಳಲ್ಲಿ ಇಂಥ ಟೂಲ್ ಬರೆಯಬಲ್ಲ ಇಂಜಿನಿಯರುಗಳಿಗೆ ಕೊರತೆಯಿಲ್ಲ. ಟೂಲನ್ನು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದಾದರೂ, ಈ ಸಾಲುಗಳನ್ನು ಬರೆಯುವುದಕ್ಕೆ ಅವರು ಒಬ್ಬ ಜೀವವಿಜ್ಞಾನಿಯ ಜೊತೆಗೂ ಒಬ್ಬ ವಕೀಲರ ಜೊತೆಗೂ ಕೂರಬೇಕಾದೀತು.

ಕೊನೆಯದಾಗಿ ಉಳಿಯುವುದು ಕಾಲದ ಪ್ರಶ್ನೆ. ವೈಟ್‌ಫೀಲ್ಡ್‌ನಲ್ಲಿ ಬೆಳೆದ ಪ್ರೋಟೀನ್ ಭಂಡಾರ 2010ರ ಹೊತ್ತಿಗೆ ಮೂವತ್ತು ಸಾವಿರಕ್ಕೂ ಹೆಚ್ಚು ಪ್ರೋಟೀನ್ ನಮೂದುಗಳನ್ನು ಹೊಂದಿತ್ತು, ಮತ್ತು ಅದರ ಒಂಬತ್ತನೆಯ ಆವೃತ್ತಿ 2010ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಆ ಆವೃತ್ತಿಯ ಕಡತಗಳು ಅನೇಕ ತಂತ್ರಾಂಶಗಳೊಳಗೆ ನಕಲಾಗಿ ಸೇರಿಕೊಂಡಿದ್ದು, ಶೈಕ್ಷಣಿಕ ಬಳಕೆಗೆ ಉಚಿತ, ವಾಣಿಜ್ಯ ಬಳಕೆಗೆ ಪರವಾನಗಿ ಎಂಬ ಅದರ ಷರತ್ತು ನಕಲಿನ ಜೊತೆ ಹೋಗಿರಬಹುದು, ಹೋಗದೆಯೂ ಇರಬಹುದು. ಹಳೆಯದೆಂಬ ಕಾರಣಕ್ಕೆ ಆ ದತ್ತಾಂಶ ತಪ್ಪಾಗುವುದಿಲ್ಲ. ಮನುಷ್ಯರು ಓದಿ ಬರೆದದ್ದೆಂಬ ಕಾರಣಕ್ಕೆ ಅದರ ಎಷ್ಟೋ ನಮೂದುಗಳು ಆಮೇಲಿನ ಯಾಂತ್ರಿಕ ಸಂಗ್ರಹಗಳಿಗಿಂತ ನಂಬಲರ್ಹವಾಗಿಯೂ ಇರಬಹುದು. ಆದರೆ 2010ರ ಮಾತನ್ನು ಇಂದಿನ ಮಾತೆಂದು ಒಪ್ಪಿಸುವ ಟೂಲ್‌ಗೂ, ಪ್ರತಿ ಉತ್ತರದ ಜೊತೆ ಭಂಡಾರದ ಹೆಸರು, ಆವೃತ್ತಿ, ದಿನಾಂಕ, ಷರತ್ತು ಈ ನಾಲ್ಕನ್ನು ಸೇರಿಸಿ ಕೊಡುವ ಟೂಲ್‌ಗೂ ತಂತ್ರಾಂಶದಲ್ಲಿರುವ ವ್ಯತ್ಯಾಸ ಕೆಲವೇ ಸಾಲುಗಳದು.